ಅಣೆಕಟ್ಟೆಯ ಕೆಳಗಿನ ಸೀಮೆ

ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಗುಡಿಗಳಿಂದ ಶುರುಮಾಡುತ್ತಾರೆ. ಕಪಿಲೆಯ ದಂಡೆಯ ಶ್ರೀಕಂಠೇಶ್ವರ, ಸಂಗಮದ ಗುಂಜಾ ನರಸಿಂಹ ಮತ್ತು ಅಗಸ್ತ್ಯೇಶ್ವರ, ಸೋಮನಾಥಪುರದ ಕೇಶವ, ತಲಕಾಡಿನ ಪಂಚಲಿಂಗ, ಮುಡುಕುತೊರೆಯ ಮಲ್ಲಿಕಾರ್ಜುನ. ಇವುಗಳ ನಡುವೆ ಎರಡು ನದಿಗಳ ಹೆಸರು, ಮೂರು ರಾಜವಂಶಗಳ ಹೆಸರು ಸೇರಿಸಿದರೆ ಸ್ಥಳಪುರಾಣ ಸಿದ್ಧ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಆದರೆ ಇಷ್ಟೊಂದು ಗುಡಿಗಳನ್ನು, ಮಠಗಳನ್ನು, ಅಗ್ರಹಾರಗಳನ್ನು ಸಾಕಿದ ಭತ್ತ ಎಲ್ಲಿಂದ ಬಂತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಹೊಳೆ ಇದ್ದ ಮೇಲೆ ಬೆಳೆ ಇದ್ದೇ ಇರುತ್ತದೆ ಎಂದು ಎಲ್ಲರೂ ಒಪ್ಪಿಕೊಂಡಂತಿದೆ. ಈ ಸೀಮೆಯ ನೆಲವನ್ನು ನೋಡಿದರೆ ಆ ಒಪ್ಪಿಗೆ ನಿಲ್ಲುವುದಿಲ್ಲ. ಇಲ್ಲಿಯ ಚರಿತ್ರೆಯನ್ನು ರೂಪಿಸಿದ್ದು ಹೊಳೆಗಿಂತ ಹೆಚ್ಚಾಗಿ ಹೊಳೆಗೆ ಅಡ್ಡ ಹಾಕಿದ ಕಟ್ಟೆ, ಅದರಿಂದ ಹೊರಟ ನಾಲೆ, ನಾಲೆ ಮುಟ್ಟದ ಎತ್ತರದಲ್ಲಿ ಮಳೆ ಹಿಡಿದ ಕೆರೆ. ಕಟ್ಟೆ ಕೊಟ್ಟದ್ದನ್ನೂ ಕಟ್ಟೆ ಕಸಿದುಕೊಂಡದ್ದನ್ನೂ ಒಟ್ಟಿಗೆ ಲೆಕ್ಕ ಹಾಕದೆ ಈ ಎರಡು ತಾಲ್ಲೂಕುಗಳು ಅರ್ಥವಾಗುವುದಿಲ್ಲ.

ಮೊದಲು ನೆಲದ ಏರುತಗ್ಗು. ಕಪಿಲೆ, ಎಂದರೆ ಕಬಿನಿ, ಕೇರಳದ ವಯನಾಡಿನಲ್ಲಿ ಹುಟ್ಟಿ ಹೆಗ್ಗಡದೇವನಕೋಟೆಯನ್ನು ದಾಟಿ ನಂಜನಗೂಡಿಗೆ ಬರುತ್ತದೆ. ದಾರಿಯಲ್ಲಿ ನುಗು ಹೊಳೆ ಸೇರುತ್ತದೆ. ನಂಜನಗೂಡಿನ ಬಳಿ ಗುಂಡ್ಲುಪೇಟೆಯ ಕಡೆಯಿಂದ ಬಂದ ಗುಂಡ್ಲುಹೊಳೆ, ಪುರಾಣದವರ ಕೌಂಡಿನ್ಯ, ಕೂಡಿಕೊಳ್ಳುತ್ತದೆ. ಮುಂದೆ ಸುತ್ತೂರನ್ನು ಹಾದು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ವಯನಾಡಿನಲ್ಲಿ ಬೀಳುವ ಮಳೆಯ ಮೂರನೆಯ ಒಂದು ಪಾಲೂ ಈ ಬಯಲಿನಲ್ಲಿ ಬೀಳುವುದಿಲ್ಲ. ಆದ್ದರಿಂದ ಇಲ್ಲಿಯ ಆಕಾಶ ಬಿಳಿಚಿಕೊಂಡಿದ್ದಾಗಲೂ ಹೊಳೆ ಕೆಂಪಗೆ ತುಂಬಿ ಹರಿಯಬಲ್ಲದು. ಬೇರೆಲ್ಲೋ ಬಿದ್ದ ಮಳೆಯ ನೀರು ಊರ ಮುಂದೆಯೇ ಹೋಗುತ್ತದೆ, ಹೊಲಕ್ಕೆ ಏರುವುದಿಲ್ಲ, ಏಕೆಂದರೆ ಹೊಳೆಯ ಪಾತ್ರ ತಗ್ಗು, ಎರಡೂ ಕಡೆಯ ಕೆಮ್ಮಣ್ಣಿನ ಬೆದ್ದಲು ಎತ್ತರ. ದಂಡೆಗೆ ಅಂಟಿಕೊಂಡ ಮೆಕ್ಕಲು ಪಟ್ಟಿಯನ್ನು ಬಿಟ್ಟರೆ ರಾಗಿ, ಜೋಳ, ಹುರುಳಿ, ಅವರೆಯೇ ಇಲ್ಲಿಯ ಸಹಜ ಬೆಳೆ. ಏತ ಹೂಡಿ ಎತ್ತುವ ನೀರು ಒಂದು ಹಿತ್ತಲಿಗೆ ಸಾಕು, ಸೀಮೆಗಲ್ಲ. ಹೊಳೆಯ ನೀರು ಗದ್ದೆಗೆ ಬರಬೇಕಾದರೆ ಮೈಲಿಗಳಷ್ಟು ಮೇಲೆಯೇ ಅದನ್ನು ಅಡ್ಡಗಟ್ಟಿ, ಹೊಳೆಗಿಂತ ನಿಧಾನವಾಗಿ ಇಳಿಯುವ ನಾಲೆಯಲ್ಲಿ ಹಾಯಿಸಬೇಕು. ಅದಕ್ಕೆ ಕಲ್ಲು ಬೇಕು, ನೂರಾರು ಆಳು ಬೇಕು, ಹಲವು ಊರುಗಳ ಮೇಲೆ ಹಿಡಿತವಿರುವ ಒಬ್ಬ ಅಧಿಕಾರಿಯೂ ಬೇಕು.

ಹಾಗಾದರೆ ಕಟ್ಟೆಗಳಿಗೂ ಮುಂಚೆ ಇಲ್ಲಿ ಜನ ಬದುಕಿರಲಿಲ್ಲವೇ ಎಂದು ಕೇಳಬಹುದು. ಬದುಕಿದ್ದರು, ಸಾವಿರಾರು ವರ್ಷಗಳ ಹಿಂದಿನಿಂದ. ಎಂ. ಶೇಷಾದ್ರಿಯವರ ನೇತೃತ್ವದಲ್ಲಿ ಮೈಸೂರು ವಿಶ್ವವಿದ್ಯಾನಿಲಯದವರು 1959ರಿಂದ ನರಸೀಪುರದ ಸಂಗಮದ ಬಳಿ ನಡೆಸಿದ ಉತ್ಖನನದಲ್ಲಿ ನವಶಿಲಾಯುಗದ ವಸತಿ ಸಿಕ್ಕಿತು. ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿ, ಬೂದುಬಣ್ಣದ ಮಡಕೆ, ಸತ್ತವರನ್ನು ಹೂತ ಗುಣಿ, ಸುಟ್ಟ ಮಣ್ಣಿನ ತಲೆದಿಂಬು ಇವೆಲ್ಲ ದೊರೆತವು. ಅದೇ ಕಾಲದ ಇನ್ನೊಂದು ನೆಲೆ ತಲಕಾಡಿನ ಹತ್ತಿರದ ಹೆಮ್ಮಿಗೆಯಲ್ಲಿದೆ. ಇಂಥ ವಸತಿಗೆ ದಂಡೆಯ ಮೆಕ್ಕಲು, ಹುಲ್ಲುಗಾವಲು, ಮೀನು ಸಾಕಾಗಿತ್ತು. ರಾಜಧಾನಿಗೆ ಅದು ಸಾಲದು. ಗಂಗರು ಕೋಲಾರದಿಂದ ತಲಕಾಡಿಗೆ ಬಂದದ್ದು ಸುಮಾರು 5ನೇ ಶತಮಾನದಲ್ಲಿ. 1004ರ ಹೊತ್ತಿಗೆ ಚೋಳರು ಅದನ್ನು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ಸುಮಾರು 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ಚೋಳರನ್ನು ಓಡಿಸಿ ‘ತಲಕಾಡುಗೊಂಡ’ ಎನ್ನಿಸಿಕೊಂಡು ಕೀರ್ತಿನಾರಾಯಣನ ಗುಡಿ ಕಟ್ಟಿಸಿದ. ನದಿಗೆ ದೊಡ್ಡ ಕಟ್ಟೆ ಬೀಳುವುದಕ್ಕೆ ಮುಂಚಿನ ಈ ಎಂಟೊಂಬತ್ತು ನೂರು ವರ್ಷ ನನ್ನ ವಾದಕ್ಕೆ ಎದುರಾಗಿ ನಿಲ್ಲುತ್ತದೆಂದು ತೋರಬಹುದು. ಆದರೆ ಆ ಕಾಲದ ನೀರಾವರಿ ಕೆರೆಯದು. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರಿಗೂ ಏರಿ ಕಾಯುವವರಿಗೂ ಬಿಟ್ಟ ಭೂಮಿಯ ಮಾತು, ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಲ್ಲಿ, ಮತ್ತೆ ಮತ್ತೆ ಬರುತ್ತದೆ. ಬಿ.ಎಲ್. ರೈಸ್ 1894ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡೂ ತಾಲ್ಲೂಕುಗಳ ಶಾಸನಗಳಿವೆ. ದೊರೆಗಳ ಬಿರುದುಗಳನ್ನು ಬಿಟ್ಟು ದಾನದ ಭಾಗವನ್ನು ಓದುತ್ತ ಹೋದರೆ ಗದ್ದೆ, ಬೆದ್ದಲು, ಎಲ್ಲೆ ಇವೇ ಎದುರಾಗುತ್ತವೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಸೋಮನಾಥಪುರದ ಅಗ್ರಹಾರ ಮಾಡಿದಾಗಲೂ ಗುಡಿಯ ಜೊತೆಗೆ ಹೊಲಗದ್ದೆಯ ಹುಟ್ಟುವಳಿಯನ್ನು ಬಿಡಬೇಕಾಯಿತು. 2023ರಲ್ಲಿ ಯುನೆಸ್ಕೊ ಮಾನ್ಯತೆ ಪಡೆದ ಆ ನಕ್ಷತ್ರಾಕಾರದ ಜಗತಿಯನ್ನು ಎಲ್ಲರೂ ಸುತ್ತುತ್ತಾರೆ. ಅದನ್ನು ಶತಮಾನಗಳ ಕಾಲ ನಡೆಸಿದ ನೆಲವನ್ನು ಕೇಳಿದವರು ಕಡಿಮೆ.

ಕಟ್ಟೆಯ ಕಾಲ ಬಂದದ್ದು ವಿಜಯನಗರದೊಡನೆ. ತಲಕಾಡಿಗೆ ಮೇಲೆ, ಹೆಮ್ಮಿಗೆಯ ಬಳಿ ಕಾವೇರಿಗೆ ಹಾಕಿದ ಅಣೆಗೆ 14ನೇ ಶತಮಾನದ ಮಾಧವಮಂತ್ರಿಯ ಹೆಸರಿದೆ. ಅದರಿಂದ ಹೊರಟ ನಾಲೆ ತಲಕಾಡಿನ ಸುತ್ತಲ ಬಯಲನ್ನು ಭತ್ತದ ಗದ್ದೆ ಮಾಡಿತು. ಇದೇ ಹೊತ್ತಿನ ಆಚೆಈಚೆ ಇನ್ನೊಂದೂ ನಡೆಯಿತು. ಹಳೆಯ ರಾಜಧಾನಿಯ ಮೇಲೆ ಮರಳು ಏರತೊಡಗಿತು. ಜನ ಹೇಳುವ ಕಾರಣ ಎಲ್ಲರಿಗೂ ಗೊತ್ತು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿ ತಿರುಮಲರಾಯನ ಮಡದಿ ಅಲಮೇಲಮ್ಮ ಒಡವೆಗಾಗಿ ಬೆನ್ನಟ್ಟಿಸಿಕೊಂಡು ಬಂದು ಹೊಳೆಗೆ ಹಾರುವಾಗ ಮೂರು ಶಾಪ ಕೊಟ್ಟಳು: ತಲಕಾಡಿಗೆ ಮರಳು, ಮಾಲಂಗಿಗೆ ಮಡು, ಮೈಸೂರ ದೊರೆಗಳಿಗೆ ಸಂತಾನನಾಶ. ಮೂರನೆಯದನ್ನು ಭೂಗೋಳದ ಹತ್ತಿರ ಕೇಳಬಾರದು. ಮೊದಲೆರಡನ್ನು ಕೇಳಬಹುದು. ತಿರುವಿನಲ್ಲಿ ಹರಿಯುವ ಯಾವುದೇ ನದಿ ಒಳದಂಡೆಯಲ್ಲಿ ಮರಳು ಒಟ್ಟುತ್ತದೆ, ಹೊರದಂಡೆಯನ್ನು ಕೊರೆದು ಮಡು ಮಾಡುತ್ತದೆ. ತಲಕಾಡು, ಮಾಲಂಗಿ ಎರಡೂ ಕಾವೇರಿಯ ಒಂದೇ ತಿರುವಿನ ಎದುರುಬದುರು ದಂಡೆಗಳಲ್ಲಿವೆ. ಶಾಪ ಕಟ್ಟಿದವರು ಯಾರೇ ಆಗಿರಲಿ, ಹೊಳೆಯನ್ನು ಚೆನ್ನಾಗಿ ನೋಡಿದ್ದವರು.

ಆದರೆ ತಿರುವು ಗಂಗರ ಕಾಲದಲ್ಲೂ ಇತ್ತು, ಊರು ಆಗ ಹೂತುಹೋಗಲಿಲ್ಲ. ಹೊಸದಾಗಿ ಏನು ಸೇರಿತು? ವಿಜ್ಞಾನಿಯೂ ಕಾದಂಬರಿಕಾರರೂ ಆದ ಕೆ.ಎನ್. ಗಣೇಶಯ್ಯ ಇದಕ್ಕೆ ಮಾಧವಮಂತ್ರಿ ಅಣೆಯನ್ನೇ ಕಾರಣವಾಗಿ ಹಿಡಿದರು. ಅಣೆ ನೀರನ್ನು ತಡೆದು ನಾಲೆಗೆ ತಿರುಗಿಸಿದಾಗ ಕೆಳಗಿನ ತಿರುವಿನಲ್ಲಿ ಹರಿವು ಇಳಿಯಿತು. ವರ್ಷವೆಲ್ಲ ನೀರಿನಡಿ ಇರುತ್ತಿದ್ದ ಮರಳು ಬಯಲಾಯಿತು. ಹೊಳೆಯ ಕಡೆಯಿಂದ ಊರ ಕಡೆಗೆ ಬೀಸುವ ಮುಂಗಾರು ಗಾಳಿ ಅದನ್ನು ಹೊತ್ತು ತಂದು ಗುಡಿಗಳ ಮೇಲೆ ಸುರಿಯಿತು. ಎಂದರೆ ಊರು ಮುಳುಗಿದ್ದು ಒಂದು ದಿನದ ಶಾಪದಿಂದಲ್ಲ, ತಲೆಮಾರುಗಳ ಕಾಲ ನಡೆದ ಒಂದು ನಿಧಾನದ ಕ್ರಿಯೆಯಿಂದ. ಶಾಪದ ಕಥೆ ಆಮೇಲೆ ಅದಕ್ಕೆ ಹೊಂದಿಕೊಂಡಿತು.

ಇದಕ್ಕೆ ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಹಳೆಯ ಕಾಲದ ಅಣೆ ಎಂದರೆ ತಗ್ಗಾದ ಕಲ್ಲುಕಟ್ಟೆ. ಅದು ಇಂದಿನ ಜಲಾಶಯದ ಹಾಗೆ ಹೊಳೆಯನ್ನು ಹಿಡಿದಿಡುವುದಿಲ್ಲ, ಪ್ರವಾಹ ಅದರ ನೆತ್ತಿಯ ಮೇಲೆ ಹಾದುಹೋಗುತ್ತದೆ. ಇಂಥ ಕಟ್ಟೆಯಿಂದ ಕಾವೇರಿ ಬತ್ತಿತು ಎನ್ನುವುದು ಅತಿಯಾಗದೇ? ಕಾವೇರಿ ಬತ್ತಿತೆಂದು ವಾದಿಸಬೇಕಾದ ಅಗತ್ಯವೇ ಇಲ್ಲ. ಅಣೆಯ ಪರಿಣಾಮ ಕಾಣುವುದು ಪ್ರವಾಹದಲ್ಲಲ್ಲ, ಬೇಸಿಗೆಯ ತೆಳು ಹರಿವಿನಲ್ಲಿ. ಆಗ ನಾಲೆಗೆ ಹೋದ ಪ್ರತಿ ಪಾಲೂ ಕೆಳಗಿನ ಪಾತ್ರಕ್ಕೆ ನಷ್ಟ. ಮುಂಗಾರಿನ ಗಾಳಿ ಏಳುವುದು ಹೊಳೆ ತುಂಬುವುದಕ್ಕೆ ಮುಂಚೆ. ಒಣ ಮರಳು ಮತ್ತು ಬಲವಾದ ಗಾಳಿ ಜೊತೆಯಾಗಲು ವರ್ಷಕ್ಕೆ ಕೆಲವು ವಾರ ಸಿಕ್ಕರೂ ಇನ್ನೂರು ವರ್ಷಗಳಲ್ಲಿ ಒಂದು ಊರನ್ನು ಮುಚ್ಚಬಹುದು. ರೈಸ್ ತಮ್ಮ ಮೈಸೂರು ಗ್ಯಾಸೆಟಿಯರಿನಲ್ಲಿ ಮರಳದಿಣ್ಣೆಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿ ಊರಿನತ್ತ ಸರಿಯುತ್ತಿದ್ದವು, ಅದೂ ಮುಖ್ಯವಾಗಿ ನೈಋತ್ಯ ಮುಂಗಾರಿನಲ್ಲಿ, ಜನ ಮನೆ ಬಿಟ್ಟು ಹಿಂದೆ ಹಿಂದೆ ಸರಿಯಬೇಕಾಗುತ್ತಿತ್ತು ಎಂದು ದಾಖಲಿಸಿದ್ದಾರೆ. ಅದರ ಮುಂದಿನ ಮಾತು ಇನ್ನೂ ಮುಖ್ಯ. ಇಷ್ಟಾದರೂ ಊರಿನ ಜನಸಂಖ್ಯೆ ಹೆಚ್ಚುತ್ತಲೇ ಇದೆ, ಕಾರಣ ಮಾಧವಮಂತ್ರಿ ನಾಲೆಯ ಕೆಳಗಿನ ಸಮೃದ್ಧ ಗದ್ದೆ ಎಂದು ಅವರು ಬರೆಯುತ್ತಾರೆ. ಮನೆಯನ್ನು ಮರಳಿಗೆ ಒಪ್ಪಿಸಿದ ಕುಟುಂಬ ಊರು ಬಿಡಲಿಲ್ಲ, ನಾಲೆಯ ಕಡೆಗೆ ಸರಿದು ಇನ್ನೊಂದು ಮನೆ ಕಟ್ಟಿತು. ಗಣೇಶಯ್ಯನವರ ವಾದವನ್ನು ಪೂರ್ತಿ ಒಪ್ಪದವರೂ ಇಷ್ಟನ್ನು ಒಪ್ಪಬೇಕಾಗುತ್ತದೆ: ಗಂಗರ ತಲಕಾಡು ಇಲ್ಲವಾದ ಮೇಲೂ ತಲಕಾಡು ಎಂಬ ಊರನ್ನು ಉಳಿಸಿದ್ದು ಆ ಅಣೆ.

ಕಪಿಲೆಯ ಕಡೆಗೆ ತಿರುಗಿದರೆ ದೃಶ್ಯ ಇಷ್ಟು ನಾಟಕೀಯವಲ್ಲ. ಹುಲ್ಲಹಳ್ಳಿ ಮತ್ತು ರಾಂಪುರದ ಅಣೆಗಳು, ಅವುಗಳ ನಾಲೆಗಳು ಕಬಿನಿ ಜಲಾಶಯಕ್ಕಿಂತ ಬಹಳ ಹಿಂದಿನಿಂದ ನಂಜನಗೂಡಿನ ಗದ್ದೆಗಳಿಗೆ ನೀರು ಕೊಟ್ಟಿವೆ. ಕಾವೇರಿಯ ಮೇಲೆ ಬನ್ನೂರು, ನರಸೀಪುರದ ಕಡೆಗೆ ರಾಮಸ್ವಾಮಿ ಮತ್ತು ರಾಜಪರಮೇಶ್ವರಿ ನಾಲೆಗಳಿವೆ. ಈ ಸೀಮೆಯ ರಾಜಕೀಯವನ್ನು ಇವುಗಳ ಪಕ್ಕದಲ್ಲಿಟ್ಟು ನೋಡಬೇಕು. ಯದುರಾಯ 1399ರಲ್ಲಿ ಕಾರುಗಹಳ್ಳಿಯ ಮಾರನಾಯಕನನ್ನು ಕೊಂದು ಮೈಸೂರು ವಂಶವನ್ನು ಆರಂಭಿಸಿದ ಎಂಬ ಕಥೆಯ ಹದಿನಾಡನ್ನು ನಂಜನಗೂಡು ತಾಲ್ಲೂಕಿನ ಹದಿನಾರು ಎಂದು ಗುರುತಿಸುತ್ತಾರೆ. ಅಲ್ಲಿಗೆ ಬಹಳ ದೂರವಲ್ಲದ ಕಳಲೆಯಿಂದ ಬಂದ ದಳವಾಯಿಗಳು 1730ರ ದಶಕದಿಂದ ಹೈದರ್ ಅಲಿ ಬರುವವರೆಗೆ ಮೈಸೂರನ್ನು ನಿಜವಾಗಿ ಆಳಿದವರು. 1734ರಲ್ಲಿ ಒಬ್ಬ ದೊರೆಯನ್ನು ಇಳಿಸಿದ ಕೈಗಳೂ ಅವರವೇ. ದಳವಾಯಿ ದೇವರಾಜ ಸುಮಾರು 1735ರಲ್ಲಿ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆ ಮುಂದೆ ಮೈಸೂರು–ನಂಜನಗೂಡು ರೈಲು ಕೂಡ ಓಡಿತು. ಈ ಮನೆತನಗಳ ಶೌರ್ಯದ ಕಥೆಗಳನ್ನು ನಾವು ಹೇಳುತ್ತೇವೆ. ಒಂದು ಪಾಳೆಯಪಟ್ಟು ಸಣ್ಣದಾಗಿದ್ದರೂ ಕುದುರೆ ಸಾಕುವಷ್ಟು ಹುಟ್ಟುವಳಿ ಇಟ್ಟುಕೊಳ್ಳಬಲ್ಲದ್ದು ನೀರಿರುವ ನೆಲದಲ್ಲಿ ಮಾತ್ರ ಎಂಬುದನ್ನು ಹೇಳುವುದಿಲ್ಲ.

ಇಲ್ಲಿ ಭಕ್ತರ ಕಡೆಯ ಪ್ರತಿವಾದ ಬರುತ್ತದೆ. ನಂಜನಗೂಡನ್ನು ಬೆಳೆಸಿದ್ದು ನಂಜುಂಡನೇ ಹೊರತು ನಾಲೆಯಲ್ಲ, ನರಸೀಪುರವನ್ನು ಬೆಳೆಸಿದ್ದು ಸಂಗಮವೇ ಹೊರತು ಕಟ್ಟೆಯಲ್ಲ ಎಂಬ ವಾದ. ಇದರಲ್ಲಿ ಹುರುಳಿಲ್ಲದಿಲ್ಲ. ದೊಡ್ಡಜಾತ್ರೆಯ ಪಂಚಮಹಾರಥೋತ್ಸವಕ್ಕೆ ಬರುವ ಲಕ್ಷಾಂತರ ಜನ, ಕಣ್ಣು ಕಳೆದುಕೊಂಡಿದ್ದ ಆನೆಗೆ ದೃಷ್ಟಿ ಬಂತೆಂದು ಟಿಪ್ಪು ಹಕೀಂ ನಂಜುಂಡ ಎಂದು ಕರೆದು ಪಚ್ಚೆಲಿಂಗ ಕೊಟ್ಟನೆಂಬ ಐತಿಹ್ಯ, ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ 1845ರಲ್ಲಿ ಕಟ್ಟಿಸಿದ ಮಹಾಗೋಪುರ, ಇವೆಲ್ಲ ಪೇಟೆಗೆ ಹಣ ತಂದವು. ಆದರೆ ಯಾತ್ರೆ ಜನರನ್ನು ಬರಿಸುತ್ತದೆ, ನೆಲೆ ನಿಲ್ಲಿಸುವುದು ಬೇರೆ ಕೆಲಸ. ಪಾವಿತ್ರ್ಯಕ್ಕೂ ಕಾಲಕಾಲಕ್ಕೆ ಹೊಸ ರೂಪ ಬರುತ್ತದೆ. ಅನಾದಿಯೆಂದು ಭಾವಿಸುವ ನರಸೀಪುರದ ಕುಂಭಮೇಳ ಆರಂಭವಾದದ್ದು 1989ರಲ್ಲಿ. ಗದ್ದೆಯ ಪಂಚಾಂಗ ಅದಕ್ಕಿಂತ ಹಳೆಯದು.

ಇನ್ನೂ ಗಟ್ಟಿಯಾದ ಆಕ್ಷೇಪ ಬೇರೆ ದಿಕ್ಕಿನಿಂದ ಬರುತ್ತದೆ. ನಾಲೆಯ ಚರಿತ್ರೆ ಎಂದರೆ ಗದ್ದೆ ಇದ್ದವರ ಚರಿತ್ರೆ. ಅಚ್ಚುಕಟ್ಟಿನ ಹೊರಗಿದ್ದ ಊರುಗಳ, ಅಚ್ಚುಕಟ್ಟಿನ ಒಳಗಿದ್ದೂ ತುಂಡು ನೆಲವಿಲ್ಲದವರ ಚರಿತ್ರೆ ಎಲ್ಲಿ? ಈ ಮಾತನ್ನು ನಾನು ಒಪ್ಪುತ್ತೇನೆ. ಆದರೆ ಇದು ವಾದವನ್ನು ಕೆಡವುವುದಿಲ್ಲ, ಅದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ನೀರು ಮುಟ್ಟಿದ್ದು ಎಷ್ಟು ಮುಖ್ಯವೋ ಮುಟ್ಟದ್ದೂ ಅಷ್ಟೇ ಮುಖ್ಯ. ಬನ್ನೂರು ಕುರಿಯ ಹೆಸರು ರಾಜ್ಯವೆಲ್ಲ ಹಬ್ಬಿದ್ದು ಒಣನೆಲದ ಮೇವಿನಿಂದ. ನರಸೀಪುರದ ಸರ್ಕಾರಿ ರೇಷ್ಮೆ ಕಾರ್ಖಾನೆಯಲ್ಲಿ ತೆಗೆದ ನೂಲು ಮೈಸೂರು ರೇಷ್ಮೆ ಸೀರೆಯಾಗುತ್ತದೆ, ಅದರ ಹಿಂದಿನ ಹಿಪ್ಪುನೇರಳೆ ಬಹುಮಟ್ಟಿಗೆ ಬಾವಿ, ಮಳೆಗಳ ಬೆಳೆ. ನಂಜನಗೂಡು ತಾಲ್ಲೂಕಿನ ಬದನವಾಳು, ತಗಡೂರುಗಳಲ್ಲಿ 1920ರ ದಶಕದಲ್ಲಿ ಖಾದಿ ಬೇರೂರಿತು. 1927ರಲ್ಲಿ ಗಾಂಧೀಜಿ ಬದನವಾಳಿಗೆ ಬಂದರು. ರಾಟೆಯ ಕೆಲಸ ಇಲ್ಲಿ ಹಿಡಿದದ್ದಕ್ಕೆ ಗಾಂಧಿಯವರ ಮೇಲಿನ ಭಕ್ತಿ ಒಂದು ಕಾರಣ. ಮಳೆ ನಂಬಿದ ಊರಿನಲ್ಲಿ ವರ್ಷದ ಅರ್ಧ ಕೈಗೆ ಕೆಲಸವಿರುವುದಿಲ್ಲ ಎಂಬುದು ಇನ್ನೊಂದು, ಬಹುಶಃ ದೊಡ್ಡ ಕಾರಣ. ಎರಡು ಬೆಳೆ ತೆಗೆಯುವ ನಾಲೆಯ ಊರಿಗೆ ರಾಟೆ ಅಷ್ಟು ಬೇಕಾಗುವುದಿಲ್ಲ. ಅದೇ ಬದನವಾಳಿನಲ್ಲಿ 1993ರಲ್ಲಿ ಮೂವರು ದಲಿತರ ಕೊಲೆಯಾಯಿತು ಎಂಬುದನ್ನೂ ಮರೆಯಬಾರದು. ಗುಡಿಯ ಪ್ರವೇಶದಿಂದ ಎದ್ದ ಆ ದ್ವೇಷವನ್ನು ನೀರಿನ ಲೆಕ್ಕದಿಂದ ವಿವರಿಸಲಾಗದು, ವಿವರಿಸಲು ಹೋಗಲೂಬಾರದು. ಈ ಸೀಮೆಯ ದಲಿತರ ಬದುಕನ್ನು ಕನ್ನಡಕ್ಕೆ ತಂದವರು ನಂಜನಗೂಡು ತಾಲ್ಲೂಕಿನವರೇ ಆದ ದೇವನೂರ ಮಹಾದೇವ. ನೀರಾವರಿ ಇಲಾಖೆಯ ಕಡತಗಳಲ್ಲಿ ಆ ಬದುಕಿಗೆ ಕಲಂ ಇಲ್ಲ.

ಬ್ರಿಟಿಷರ ಕಾಲದಲ್ಲಿ ಕಟ್ಟೆಯ ಮಾತು ಕಾನೂನಿನ ಮಾತಾಯಿತು. 1892ರಲ್ಲಿ ಮೈಸೂರು ಮತ್ತು ಮದರಾಸು ಮಾಡಿಕೊಂಡ ಒಪ್ಪಂದದಂತೆ ಮದರಾಸಿನ ಒಪ್ಪಿಗೆ ಇಲ್ಲದೆ ಮೈಸೂರು ಮುಖ್ಯ ನದಿಗಳಿಗೆ ಹೊಸ ಕಟ್ಟೆ ಹಾಕುವಂತಿರಲಿಲ್ಲ. 1924ರ ಒಪ್ಪಂದ ಅದನ್ನು ಮುಂದುವರಿಸಿತು. ಹಾಗಾಗಿ ವಿಜಯನಗರದವರೂ ಒಡೆಯರೂ ಬಿಟ್ಟುಹೋದ ಹಳೆಯ ನಾಲೆಗಳೇ ಬಹುಕಾಲ ಈ ತಾಲ್ಲೂಕುಗಳಿಗೆ ಗತಿಯಾದವು. ಸ್ವಾತಂತ್ರ್ಯದ ನಂತರ ಕೈಗೆತ್ತಿಕೊಂಡ ಕಬಿನಿ ಜಲಾಶಯ, 19.52 ಟಿಎಂಸಿ ಸಾಮರ್ಥ್ಯದ್ದು, 1974ರಲ್ಲಿ ಮುಗಿಯಿತು. ಕಾಕನಕೋಟೆಯ ಕಾಡು, ಅಲ್ಲಿಯ ಊರುಗಳು, ಹಾಡಿಗಳು ನೀರಿನಡಿ ಹೋದವು. ಲಾಭ ಸಿಕ್ಕಿದ್ದು ಕೆಳಗಿನ ಬಯಲಿಗೆ. ಆಮೇಲೆ ಕೃಷ್ಣರಾಜಸಾಗರದಿಂದ ವರುಣಾ ನಾಲೆ ಬಂತು. ರಾಗಿಯ ಹೊಲ ಭತ್ತಕ್ಕೆ, ಕಬ್ಬಿಗೆ ತಿರುಗಿತು, ಅಳಗಂಚಿಯಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು. ನಂಜನಗೂಡಿನ ರಸಬಾಳೆ ಮಾತ್ರ ಈ ಸುಗ್ಗಿಯಲ್ಲಿ ಪಾಲು ಪಡೆಯಲಿಲ್ಲ. ದೇವರಸನಹಳ್ಳಿಯ ಸುತ್ತಿನ ಮಣ್ಣಿಗೆ ಒಗ್ಗಿದ ಆ ಗಿಡ ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ಸಾಯುತ್ತ ಬಂತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಾಗ ಹಣ್ಣು ಮಾರುಕಟ್ಟೆಯಲ್ಲಿ ಅಪರೂಪವಾಗಿತ್ತು.

ಹೊಸ ನಾಲೆಗಳು ಬಂದ ಮೇಲೆ ಸೊರಗಿದ್ದು ಕೆರೆ. ನಾಲೆಯ ನೀರು ಬಾಗಿಲಿಗೆ ಬಂದಾಗ ಏರಿಯ ಮೇಲೆ ಗಿಡ ಬೆಳೆದರೂ, ತೂಬು ಮುರಿದರೂ, ಹೂಳು ತುಂಬಿದರೂ ಕೇಳುವವರಿಲ್ಲ. ನೀರುಗಂಟಿಯ ಕಾಯಕ ಊರಿನ ಕೈಯಿಂದ ಇಲಾಖೆಯ ಕೈಗೆ ಹೋಯಿತು. ಹೀಗಿದ್ದೂ ಹದಿನಾರಿನ ಕೆರೆ ಇಂದಿಗೂ ಹೆಸರು ಮಾಡಿದೆ, ಆದರೆ ಯದುರಾಯನಿಂದಲ್ಲ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಅಲ್ಲಿ ಇಳಿಯುತ್ತವೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹಕ್ಕಿಗಳು ಅಲ್ಲಿ ಕಂಡದ್ದೂ ಉಂಟು. ಹಗಲು ನೀರಿನಲ್ಲಿ ತಂಗಿ ಸುತ್ತಲ ಹೊಲಗದ್ದೆಗಳಲ್ಲಿ ಮೇಯುವ ಈ ಹಕ್ಕಿಗೆ ಕೆರೆ ಮತ್ತು ಬೆಳೆ ಎರಡೂ ಒಂದೇ ಕಡೆ ಬೇಕು. ಅಂದರೆ ಮನುಷ್ಯರು ಕಟ್ಟಿದ ಸೀಮೆಯೇ ಅದಕ್ಕೂ ಬೇಕು.

ಈಗ ನೀರು ಮೇಲಕ್ಕೂ ಹೋಗತೊಡಗಿದೆ. ನಂಜನಗೂಡು ತಾಲ್ಲೂಕಿನ ಆಲಂಬೂರಿನಿಂದ ಕಪಿಲೆಯ ನೀರನ್ನು ಪಂಪು ಮಾಡಿ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕೆರೆಗಳನ್ನು ತುಂಬಿಸಲಾಗುತ್ತದೆ. ಒಂದು ಕಾಲಕ್ಕೆ ಗುಂಡ್ಲುಹೊಳೆ ಆ ಸೀಮೆಯಿಂದ ನೀರು ತಂದು ಕಪಿಲೆಗೆ ಕೊಡುತ್ತಿತ್ತು, ಈಗ ವಿದ್ಯುತ್ತಿನ ಖರ್ಚಿನಲ್ಲಿ ಕಪಿಲೆ ಅದನ್ನು ಹಿಂದಿರುಗಿಸುತ್ತಿದೆ. ಬಿದರಗೂಡಿನಿಂದ ಮೈಸೂರಿಗೆ ಕುಡಿಯುವ ನೀರೂ ಹೋಗುತ್ತದೆ. 2019ರ ಆಗಸ್ಟಿನಲ್ಲಿ ಕಬಿನಿಯಿಂದ ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಬಿಟ್ಟಾಗ ಮಲ್ಲನಮೂಲೆ ಮಠದ ಬಳಿ ಮೈಸೂರು–ನಂಜನಗೂಡು ಹೆದ್ದಾರಿ ಮುಳುಗಿತು. ಹಿಂದಿನ ವರ್ಷವೂ ಹಾಗೇ ಆಗಿತ್ತು. ಜಲಾಶಯ ಬಂದರೆ ಹೊಳೆ ಹತೋಟಿಗೆ ಬಂತು ಎಂದುಕೊಂಡವರಿಗೆ ವಯನಾಡಿನ ಮಳೆ ಕೊಟ್ಟ ಉತ್ತರ ಅದು.

ಶಾಲೆಯ ಪ್ರವಾಸಗಳು ಸೋಮನಾಥಪುರ ನೋಡಿ, ತಲಕಾಡಿನ ಮರಳಿನಲ್ಲಿ ನಡೆದು, ಮುಡುಕುತೊರೆಯಲ್ಲಿ ಊಟ ಮಾಡಿ ಹಿಂದಿರುಗುತ್ತವೆ. ಹೆಮ್ಮಿಗೆಯ ಅಣೆ ಆ ದಾರಿಗೆ ದೂರವಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟರುಗಳು ಅಲ್ಲೂ ಅರ್ಧ ಗಂಟೆ ಬಸ್ಸು ನಿಲ್ಲಿಸಲಿ. ತಾಲ್ಲೂಕಿನ ಚರಿತ್ರೆ ಬರೆಯಲು ಕೂರುವವರು ಗುಡಿಗಳ ಪಟ್ಟಿಗೆ ಮುಂಚೆ ತಮ್ಮ ಊರಿನ ಅಣೆ, ನಾಲೆ, ತೂಬು, ಕೋಡಿಗಳ ಪಟ್ಟಿ ಮಾಡಲಿ. ಯಾವ ಕೆರೆಯ ಏರಿಯ ಮೇಲೆ ಯಾರ ಮನೆ ಎದ್ದಿದೆ ಎಂಬುದನ್ನೂ ಅದರಲ್ಲಿ ಬರೆಯಲಿ.